ದೊಡ್ಡಪತ್ರೆಯ ಕ್ರೀಮು, ಸಕ್ಕರೆ ಕಾಯಿಲೆಯ ಕಾಲು: ಹಚ್ಚುವ ಮದ್ದು ಎಷ್ಟು ದೂರ ಬರುತ್ತದೆ?

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನ ಬಗ್ಗೆ ಎರಡು ಸುದ್ದಿಗಳು ಒಟ್ಟಿಗೆ ಓಡಾಡುತ್ತಿವೆ. ಒಂದು ತೈವಾನಿನದು. ಈ ಹುಣ್ಣಿಗೆಂದೇ ತಯಾರಾದ ಒಂದು ಕ್ರೀಮಿಗೆ ಅಲ್ಲಿನ ಸರ್ಕಾರ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ ಮೂಲ ಎರಡು ಗಿಡಗಳು. ಒಂದು ನಮ್ಮ ದೊಡ್ಡಪತ್ರೆ, ಇನ್ನೊಂದು ನಮ್ಮ ಒಂದೆಲಗ. ಎರಡನೆಯ ಸುದ್ದಿ ಅಂತರರಾಷ್ಟ್ರೀಯ ತಜ್ಞರ ತಂಡದ್ದು. ಗಾಯ ಮಾಗಲಿ ಎಂದು ಗಿಡಮೂಲಿಕೆ ಸೇರಿಸಿದ ಪಟ್ಟಿ ಬಳಸಬೇಡಿ, ಜೇನುತುಪ್ಪ ಬೇಡ, ಕ್ರಿಮಿನಾಶಕ ಪಟ್ಟಿಯೂ ಬೇಡ ಎಂದು ಅವರು 2023ರ ಮಾರ್ಗಸೂಚಿಯಲ್ಲಿ ಬರೆದಿದ್ದಾರೆ.

ಎರಡೂ ನಿಜ. ಹಾಗಾದರೆ ಹುಣ್ಣಿರುವವರು ಯಾವುದನ್ನು ನಂಬಬೇಕು? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಳ್ಳಾಯಿತು ಎಂದು ಕೆಲವರು ಖುಷಿಪಡುತ್ತಿದ್ದಾರೆ. ಎಲೆ ಅರೆದು ಕಾಲಿಗೆ ಕಟ್ಟಿದರೆ ಸಾಕಲ್ವಾ ಎಂಬ ಪ್ರಶ್ನೆಯೂ ಬಂದಿದೆ. ಉತ್ತರ ಬೇಕಾದರೆ ಈ ಹುಣ್ಣು ಯಾಕೆ ಹುಟ್ಟುತ್ತದೆ ಎನ್ನುವಲ್ಲಿಂದ ಶುರು ಮಾಡಬೇಕು.

ಕಾಣುವುದು ಚರ್ಮದಲ್ಲಿ, ಕಾರಣ ಒಳಗೆ

ಸಕ್ಕರೆ ಅಂಶ ವರ್ಷಗಟ್ಟಲೆ ಜಾಸ್ತಿ ಇದ್ದರೆ ಕಾಲಿನ ನರಗಳು ನಿಧಾನಕ್ಕೆ ಸೊರಗುತ್ತವೆ. ಮೊದಲು ಜೋಮು, ಉರಿ. ಆಮೇಲೆ ಏನೂ ಗೊತ್ತಾಗದ ಸ್ಥಿತಿ. ಚಪ್ಪಲಿಯೊಳಗೆ ಸಣ್ಣ ಕಲ್ಲು ಸೇರಿಕೊಂಡರೂ ತಿಳಿಯುವುದಿಲ್ಲ. ಪಾದದೊಳಗಿನ ಸಣ್ಣ ಸ್ನಾಯುಗಳು ಸೋತು ಬೆರಳುಗಳು ಮಡಚಿಕೊಳ್ಳುತ್ತವೆ. ಆಗ ದೇಹದ ಭಾರವೆಲ್ಲ ಅಂಗಾಲಿನ ಒಂದೆರಡು ಜಾಗದ ಮೇಲೆಯೇ ಬೀಳುತ್ತದೆ. ಆ ಜಾಗ ತನ್ನನ್ನು ಕಾಪಾಡಿಕೊಳ್ಳಲು ದಪ್ಪಗಾಗುತ್ತದೆ. ಅದೇ ಆಣಿ. ಆದರೆ ಗಟ್ಟಿ ಆಣಿ ಕಾಲಡಿಯ ಕಲ್ಲಿನಂತೆ ಒತ್ತುತ್ತದೆ. ಅದರ ಕೆಳಗೆ ರಕ್ತ ಜಿನುಗಿ, ಒಳಗೊಳಗೇ ಹುಣ್ಣಾಗುತ್ತದೆ. ಮೇಲಿಂದ ನೋಡಿದರೆ ಒಂದು ಕಪ್ಪು ಚುಕ್ಕಿ ಮಾತ್ರ.

ಬೆವರಿಸುವ ನರಗಳೂ ಕೆಡುತ್ತವೆ. ಪಾದ ಬೆವರುವುದಿಲ್ಲ, ಚರ್ಮ ಒಣಗುತ್ತದೆ, ಹಿಮ್ಮಡಿ ಬಿರುಕು ಬಿಡುತ್ತದೆ. ಬಿರುಕಿನಿಂದ ಕೀಟಾಣು ಒಳಗೆ ಹೋಗುತ್ತದೆ. ಇದರ ಜೊತೆಗೆ ಹಲವರಿಗೆ ಕಾಲಿನ ರಕ್ತನಾಳವೂ ಕಟ್ಟಿಕೊಂಡಿರುತ್ತದೆ. ರಕ್ತ ಬರದ ಜಾಗಕ್ಕೆ ಆಮ್ಲಜನಕ ಇಲ್ಲ, ನಂಜಿನ ಜೊತೆ ಹೋರಾಡುವ ಬಿಳಿ ರಕ್ತಕಣವೂ ಇಲ್ಲ, ನುಂಗಿದ ಮಾತ್ರೆಯೂ ಅಲ್ಲಿಗೆ ತಲುಪುವುದಿಲ್ಲ.

ಹಾಗಾಗಿ ಈ ಹುಣ್ಣು ಚರ್ಮದ ಕಾಯಿಲೆ ಅಲ್ಲ. ನರ, ಒತ್ತಡ, ರಕ್ತ, ಈ ಮೂರರ ತೊಂದರೆ ಚರ್ಮದಲ್ಲಿ ಬಾಯಿ ತೆರೆದಿರುತ್ತದೆ ಅಷ್ಟೆ. ಹಚ್ಚುವ ಮದ್ದು ಇವುಗಳಲ್ಲಿ ಯಾವುದನ್ನೂ ಸರಿ ಮಾಡುವುದಿಲ್ಲ. ಮುಂದೆ ಬರುವ ಎಲ್ಲ ಅಂಕಿ-ಅಂಶವನ್ನೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು.

ತೈವಾನಿನ ಕ್ರೀಮು ಏನು ತೋರಿಸಿತು?

ಕ್ರೀಮಿನ ಹೆಸರು ಫೆಸ್ಪಿಕ್ಸಾನ್. ಪ್ರಯೋಗದ ಹಂತದಲ್ಲಿ ಅದನ್ನು ಓಎನ್101 ಎಂದು ಕರೆಯುತ್ತಿದ್ದರು. ತಯಾರಿಸಿದ್ದು ಒನ್‌ನೆಸ್ ಬಯೋಟೆಕ್ ಎಂಬ ಕಂಪನಿ. ಇದರ ಕೆಲಸ ಹೀಗೆ. ಯಾವುದೇ ಗಾಯದಲ್ಲಿ ಮೊದಲು ಕಸ ಗುಡಿಸುವ ಕಣಗಳು ಬರುತ್ತವೆ. ಕೀಟಾಣು, ಸತ್ತ ಮಾಂಸ ಎಲ್ಲವನ್ನೂ ತಿನ್ನುತ್ತವೆ. ಕೆಲವು ದಿನಗಳಾದ ಮೇಲೆ ಅವು ಪಾತ್ರ ಬದಲಿಸಿ ಹೊಸ ಮಾಂಸ ಕಟ್ಟುವ ಕೆಲಸಕ್ಕೆ ನಿಲ್ಲಬೇಕು. ಸಕ್ಕರೆ ಕಾಯಿಲೆಯ ಹುಣ್ಣಿನಲ್ಲಿ ಈ ಬದಲಾವಣೆ ಸರಿಯಾಗಿ ಆಗುವುದಿಲ್ಲ. ಗುಡಿಸುವುದೇ ಮುಗಿಯುವುದಿಲ್ಲ, ಕಟ್ಟುವುದು ಶುರುವಾಗುವುದಿಲ್ಲ. ದೊಡ್ಡಪತ್ರೆಯಿಂದ ಬೇರ್ಪಡಿಸಿದ ಒಂದು ಭಾಗ ಮತ್ತು ಒಂದೆಲಗದ ಸಾರ ಸೇರಿ ಆ ಬದಲಾವಣೆಗೆ ದಾರಿ ಮಾಡುತ್ತವೆ ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಅಮೆರಿಕ, ಚೀನಾ ಮತ್ತು ತೈವಾನಿನ ಆಸ್ಪತ್ರೆಗಳಲ್ಲಿ 236 ಜನರ ಮೇಲೆ ಪ್ರಯೋಗ ನಡೆಯಿತು. 122 ಜನರಿಗೆ ಕ್ರೀಮು, 114 ಜನರಿಗೆ ನೀರಂಶ ಹೀರುವ ಪಟ್ಟಿ. 16 ವಾರಗಳಲ್ಲಿ ಹುಣ್ಣು ಪೂರ್ತಿ ಮುಚ್ಚಿದ್ದು ಕ್ರೀಮಿನ ಗುಂಪಿನಲ್ಲಿ ಶೇ 60.7 ಜನರಿಗೆ, ಪಟ್ಟಿಯ ಗುಂಪಿನಲ್ಲಿ ಶೇ 35.1 ಜನರಿಗೆ. ಸರಿಸುಮಾರು ನಾಲ್ವರಿಗೆ ಹಚ್ಚಿದರೆ ಒಬ್ಬರಿಗೆ ಹೆಚ್ಚುವರಿ ಲಾಭ. ಇದು ಸಣ್ಣ ಫಲವಲ್ಲ. ಖುಷಿಪಡಬೇಕಾದ ಸುದ್ದಿಯೇ.

ಆದರೆ ಇದೇ ಅಂಕಿಯಲ್ಲಿ ಇನ್ನೂ ಎರಡು ಸಂಗತಿಗಳಿವೆ. ಕ್ರೀಮು ಹಚ್ಚಿಯೂ ನೂರರಲ್ಲಿ 39 ಜನರ ಹುಣ್ಣು ಮುಚ್ಚಲಿಲ್ಲ. ಕ್ರೀಮು ಇಲ್ಲದೆಯೂ 35 ಜನರದ್ದು ಮುಚ್ಚಿತು. ಈ 35 ಜನರಿಗೆ ಗುಣವಾಗಿದ್ದು ಆಸ್ಪತ್ರೆಯವರ ನಿಗಾದಿಂದ. ಪ್ರಯೋಗಕ್ಕೆ ಸೇರಿದವರ ಗಾಯವನ್ನು ಶುಚಿ ಮಾಡುತ್ತಿದ್ದರು, ಆಗಾಗ ನೋಡುತ್ತಿದ್ದರು. ಊರಿನಲ್ಲಿ ಒಬ್ಬರು ಬರೀ ಟ್ಯೂಬು ತಂದು ಹಚ್ಚಿಕೊಂಡು ಅದೇ ಹುಣ್ಣಿನ ಮೇಲೆ ಅಂಗಡಿಗೆ, ಹೊಲಕ್ಕೆ ಓಡಾಡಿದರೆ ಈ ಅಂಕಿ ಅವರಿಗೆ ಅನ್ವಯಿಸುವುದಿಲ್ಲ.

ಮೂರನೆಯದು ಇನ್ನೂ ಮುಖ್ಯ. ಪ್ರಯೋಗಕ್ಕೆ ತೆಗೆದುಕೊಂಡಿದ್ದು ಮೇಲ್ಮಟ್ಟದ ಅಥವಾ ಸ್ವಲ್ಪ ಆಳದ ಹುಣ್ಣುಗಳನ್ನು ಮಾತ್ರ. ಮೂಳೆಗೆ ನಂಜು ಇಳಿದಿದ್ದರೆ, ಬೆರಳು ಕಪ್ಪಾಗಿದ್ದರೆ ಅಂಥವರು ಅದರಲ್ಲಿ ಇರಲಿಲ್ಲ. ನಮ್ಮಲ್ಲಿ ತಡವಾಗಿ ಆಸ್ಪತ್ರೆಗೆ ಬರುವವರ ಕಾಲು ಹೆಚ್ಚಾಗಿ ಇರುವುದು ಅದೇ ಸ್ಥಿತಿಯಲ್ಲಿ.

ಹಿತ್ತಲಿನ ಎಲೆ ಅದೇ ಮದ್ದಲ್ಲ

ದೊಡ್ಡಪತ್ರೆಯ ತಂಬುಳಿ, ಒಂದೆಲಗದ ಚಟ್ನಿ ನಮ್ಮ ಊಟದ ಭಾಗ. ಉಣ್ಣಲು ಅಡ್ಡಿಯಿಲ್ಲ. ಆದರೆ ಅರೆದು ತೆರೆದ ಹುಣ್ಣಿಗೆ ಹಚ್ಚುವುದು ಬೇರೆಯೇ ವಿಷಯ.

ಕ್ರೀಮಿನಲ್ಲಿರುವುದು ಎಲೆಯಲ್ಲ. ಎಲೆಯಿಂದ ಬೇಕಾದ ಅಂಶವನ್ನಷ್ಟೇ ಬೇರೆ ಮಾಡಿ, ಪ್ರತಿ ಟ್ಯೂಬಿನಲ್ಲೂ ಒಂದೇ ಅಳತೆ ಇರುವಂತೆ, ಕೀಟಾಣು ಇಲ್ಲದಂತೆ ತಯಾರಿಸಿದ್ದು. ಒಂದೆಲಗ ಬೆಳೆಯುವುದು ತೇವದ ನೆಲದಲ್ಲಿ, ಗದ್ದೆ ಬದುವಿನಲ್ಲಿ, ಬಚ್ಚಲ ನೀರು ಹರಿಯುವ ಕಡೆ. ಎಲೆಗೆ ಅಂಟಿದ ಮಣ್ಣಿನಲ್ಲಿ ಧನುರ್ವಾಯು ತರುವ ಕೀಟಾಣುವಿನ ಬೀಜಕಣಗಳೂ ಇರಬಹುದು. ಎಷ್ಟು ತೊಳೆದರೂ ಅವು ಪೂರ್ತಿ ಹೋಗುತ್ತವೆ ಎನ್ನುವಂತಿಲ್ಲ. ಆರೋಗ್ಯವಂತರ ಚರ್ಮ ಇದನ್ನು ತಡೆಯುತ್ತದೆ. ಸಕ್ಕರೆ ಕಾಯಿಲೆಯ ಹುಣ್ಣಿನಲ್ಲಿ ತಡೆಯುವ ಚರ್ಮವೇ ಇಲ್ಲ.

ಇನ್ನೊಂದು ಅಪಾಯ ನೋವಿಗೆ ಸಂಬಂಧಿಸಿದ್ದು. ರಸ ಸುಟ್ಟರೆ, ಕಟ್ಟು ಬಿಗಿಯಾದರೆ, ಒಳಗೆ ಕೀವು ತುಂಬಿದರೆ ಬೇರೆಯವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಇವರಿಗೆ ಗೊತ್ತೇ ಆಗುವುದಿಲ್ಲ. ‘ನೋವು ಕಡಿಮೆಯಾಗಿದೆ, ಮದ್ದು ಹಿಡಿಯಿತು’ ಎಂದುಕೊಂಡು ಮೂರು ದಿನ ಕಟ್ಟು ಬಿಚ್ಚದೆ ಇರುತ್ತಾರೆ. ಅರಿಶಿನ, ಟೂತ್‌ಪೇಸ್ಟು, ಸುಣ್ಣ ಹಚ್ಚಿದಾಗಲೂ ಇದೇ ತೊಂದರೆ. ಅದಲ್ಲದೆ ಬಣ್ಣದ ಮದ್ದು ಮೆತ್ತಿದರೆ ಒಳಗಿನ ಮಾಂಸದ ಬಣ್ಣ ವೈದ್ಯರಿಗೂ ಕಾಣುವುದಿಲ್ಲ.

ತಜ್ಞರು ‘ಬೇಡ’ ಅನ್ನುವುದರ ಅರ್ಥ

ಮಾರ್ಗಸೂಚಿ ಬರೆಯುವ ತಂಡದ ಹೆಸರು ಐಡಬ್ಲ್ಯುಜಿಡಿಎಫ್. ಸಕ್ಕರೆ ಕಾಯಿಲೆಯ ಪಾದಕ್ಕೆಂದೇ ಇರುವ ಅಂತರರಾಷ್ಟ್ರೀಯ ತಜ್ಞರ ಕೂಟ ಇದು. 1999ರಿಂದ ನಾಲ್ಕು ವರ್ಷಕ್ಕೊಮ್ಮೆ ಸಲಹೆಗಳನ್ನು ಹೊಸದಾಗಿ ಬರೆಯುತ್ತಾರೆ. 2023ರ ಮಾರ್ಗಸೂಚಿಯಲ್ಲಿ ‘ಬೇಡ’ ಎಂದಿರುವವುಗಳ ಸಾಲು ಉದ್ದವಿದೆ: ಕ್ರಿಮಿನಾಶಕ ಪಟ್ಟಿಗಳು, ಜೇನುತುಪ್ಪ, ಕೊಲಾಜನ್ (ಚರ್ಮದಲ್ಲಿರುವ ಪ್ರೋಟೀನು), ಆಲ್ಜಿನೇಟ್ (ಕಡಲಕಳೆಯಿಂದ ತೆಗೆದದ್ದು), ಗಿಡಮೂಲಿಕೆ ಪಟ್ಟಿ, ಫೆನಿಟಾಯಿನ್. ಕೊನೆಯದು ಮೂರ್ಛೆ ರೋಗದ ಮಾತ್ರೆ. ಅದರ ಪುಡಿಯನ್ನು ಗಾಯಕ್ಕೆ ಉದುರಿಸುವ ರೂಢಿ ನಮ್ಮ ಆಸ್ಪತ್ರೆಗಳಲ್ಲಿದೆ, ಯಾಕೆಂದರೆ ಅದು ಅಗ್ಗ.

ಇಲ್ಲಿ ‘ಬೇಡ’ ಎಂದರೆ ‘ವಿಷ’ ಎಂದಲ್ಲ. ಗಾಯ ಬೇಗ ಮಾಗಲಿ ಎಂಬ ಒಂದೇ ಉದ್ದೇಶಕ್ಕೆ ಇದನ್ನು ಬಳಸಲು ಸಾಕಷ್ಟು ಗಟ್ಟಿ ಪುರಾವೆ ಇಲ್ಲ ಎಂದು ಅರ್ಥ. ಈ ಮದ್ದುಗಳ ಬಗ್ಗೆ ನಡೆದ ಹಲವು ಅಧ್ಯಯನಗಳಲ್ಲಿ ಜನ ಕಡಿಮೆ. ಯಾರಿಗೆ ಏನು ಹಚ್ಚಿದ್ದಾರೆ ಎಂಬುದು ನೋಡುವವರಿಗೂ ಗೊತ್ತಿರುತ್ತದೆ. ಗೊತ್ತಿದ್ದರೆ ತನ್ನ ಮದ್ದಿನ ಕಡೆಗೆ ಮನಸ್ಸು ವಾಲುತ್ತದೆ, ಅದು ಮನುಷ್ಯ ಸ್ವಭಾವ. ಮದ್ದು ಮಾರುವ ಕಂಪನಿಯೇ ಹಣ ಕೊಟ್ಟಿದ್ದರೆ ಅನುಮಾನ ಇನ್ನಷ್ಟು. ತೈವಾನಿನ ಪ್ರಯೋಗಕ್ಕೂ ಹಣ ಕೊಟ್ಟಿದ್ದು ಕ್ರೀಮಿನ ಕಂಪನಿಯೇ. ಅಲ್ಲಿ ಅಳತೆ ನೋಡುವವರಿಗೆ ಯಾರು ಯಾವ ಗುಂಪು ಎಂದು ಹೇಳಿರಲಿಲ್ಲ, ಅದು ಒಳ್ಳೆಯದೇ. ಆದರೆ ಕ್ರೀಮು ಹಚ್ಚುವವರಿಗೂ ಪಟ್ಟಿ ಕಟ್ಟುವವರಿಗೂ ತಮ್ಮದು ಯಾವುದು ಎಂದು ಗೊತ್ತಿತ್ತು.

ಇದಕ್ಕೆ ಹೋಲಿಸಿ ನೋಡಬೇಕಾದ ಇನ್ನೊಂದು ಪ್ರಯೋಗ 2018ರಲ್ಲಿ ಯುರೋಪಿನಲ್ಲಿ ಪ್ರಕಟವಾಯಿತು. ಸುಕ್ರೋಸ್ ಆಕ್ಟಾಸಲ್ಫೇಟ್ ಎಂಬ ವಸ್ತು ಸೇರಿಸಿದ ಪಟ್ಟಿ ಅದು. ಹೊಟ್ಟೆ ಹುಣ್ಣಿಗೆ ಕುಡಿಯುವ ಸುಕ್ರಾಲ್ಫೇಟ್ ಸಿರಪ್ಪಿನ ಬಳಗದ ವಸ್ತು. 240 ಜನ ಇದ್ದರು. ನರವೂ ಸೊರಗಿ, ರಕ್ತ ಸಂಚಾರವೂ ಸ್ವಲ್ಪ ಕುಂದಿದ, ಆದರೆ ನಂಜಿಲ್ಲದ ಹುಣ್ಣುಗಳು. ಎರಡೂ ಗುಂಪಿಗೆ ನೋಡಲು ಒಂದೇ ತರಹದ ಪಟ್ಟಿ, ಆ ವಸ್ತು ಒಂದರಲ್ಲಿ ಮಾತ್ರ. 20 ವಾರಗಳಲ್ಲಿ ಹುಣ್ಣು ಮುಚ್ಚಿದ್ದು ಶೇ 48 ಮತ್ತು ಶೇ 30. ಲಾಭ ತೈವಾನಿನ ಕ್ರೀಮಿಗಿಂತ ಕಡಿಮೆ ಕಾಣುತ್ತದೆ, ಆದರೂ ತಜ್ಞರು ಇದನ್ನು ‘ಬಳಸಬಹುದು’ ಎಂಬ ಸಾಲಿಗೆ ಸೇರಿಸಿದ್ದಾರೆ. ಯಾರಿಗೂ ಗೊತ್ತಾಗದಂತೆ ನಡೆದ ಹೋಲಿಕೆಗೆ ಅಷ್ಟು ತೂಕ. ಹಾಗಂತ ಸುಕ್ರಾಲ್ಫೇಟ್ ಸಿರಪ್ಪನ್ನೋ, ಅದರ ಹೆಸರಿನ ಯಾವುದೋ ಮುಲಾಮನ್ನೋ ಹಚ್ಚಿದರೆ ಅದೇ ಫಲ ಸಿಗುತ್ತದೆ ಎಂದುಕೊಳ್ಳಬಾರದು. ಪರೀಕ್ಷೆ ಮಾಡಿದ್ದು ಆ ಪಟ್ಟಿಯನ್ನು.

ಇನ್ನೊಂದು ಕಡೆಯ ವಾದವನ್ನೂ ಕೇಳಬೇಕು. ದಿನಕ್ಕೆ ನೂರಾರು ಹೊರರೋಗಿಗಳನ್ನು ನೋಡುವ ನಮ್ಮ ವೈದ್ಯರು ಹೇಳುವುದು ಹೀಗೆ: ಬರುವ ಗಾಯ ಕೊಳೆಯಾಗಿರುತ್ತದೆ, ರೋಗಿ ಮತ್ತೆ ಬರುವುದು ವಾರದ ನಂತರ, ಮನೆಯಲ್ಲಿ ಶುದ್ಧ ನೀರಿಗೂ ಕಷ್ಟ. ಆಗ ಕೆಲವು ದಿನ ಅಯೋಡಿನ್ ಪಟ್ಟಿ ಕಟ್ಟುವುದು ತಪ್ಪಾ? ಪುರಾವೆ ಇಲ್ಲ ಎಂದರೆ ಉಪಯೋಗವೇ ಇಲ್ಲ ಎಂದು ಅರ್ಥವಾ? ನ್ಯಾಯವಾದ ಪ್ರಶ್ನೆ. ಇದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಆದರೆ ತಿಂಗಳುಗಟ್ಟಲೆ ಬೆಳ್ಳಿ ಮುಲಾಮು, ಕೊಲಾಜನ್ ಪುಡಿ ಕೊಳ್ಳಲು ಮನೆಯವರು ದುಡ್ಡು ಹೊಂದಿಸುತ್ತಾ, ಸರಿಯಾದ ಪಾದರಕ್ಷೆಗೆ ಮತ್ತು ರಕ್ತನಾಳದ ಪರೀಕ್ಷೆಗೆ ದುಡ್ಡಿಲ್ಲದೆ ಕೂರುವುದು ಮಾತ್ರ ಖಂಡಿತ ತಪ್ಪು ಲೆಕ್ಕ.

ಹಿಂದೆ ಬಂದ ದೊಡ್ಡ ಭರವಸೆಗಳು

ಹಚ್ಚುವ ಮದ್ದಿನ ಬಗ್ಗೆ ಲೋಕಕ್ಕೆ ಭರವಸೆ ಮೂಡಿದ್ದು ಇದೇ ಮೊದಲಲ್ಲ. 1997ರಲ್ಲಿ ಅಮೆರಿಕದಲ್ಲಿ ಬೆಕಾಪ್ಲರ್ಮಿನ್ ಎಂಬ ಜೆಲ್‌ಗೆ ಒಪ್ಪಿಗೆ ಸಿಕ್ಕಿತು. ದೇಹದ ರಕ್ತದ ಕಣಗಳೇ ಬಿಡುವ, ಗಾಯ ಬೆಳೆಸುವ ಒಂದು ಪ್ರೋಟೀನನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಮದ್ದು ಅದು. 382 ಜನರ ಪ್ರಯೋಗದಲ್ಲಿ 20 ವಾರಕ್ಕೆ ಹುಣ್ಣು ಮುಚ್ಚಿದ್ದು ಜೆಲ್ ಹಚ್ಚಿದವರಲ್ಲಿ ಶೇ 50, ಬರೀ ಜೆಲ್ ಹಚ್ಚಿದವರಲ್ಲಿ, ಅಂದರೆ ಮದ್ದಿನ ಅಂಶ ಇಲ್ಲದ್ದನ್ನು ಹಚ್ಚಿದವರಲ್ಲಿ, ಶೇ 35. ಮೂರು ಅಥವಾ ಅದಕ್ಕಿಂತ ಹೆಚ್ಚು ಟ್ಯೂಬು ಬಳಸಿದವರಲ್ಲಿ ಕ್ಯಾನ್ಸರ್ ಸಾವು ಜಾಸ್ತಿ ಕಂಡಿತೆಂದು 2008ರಲ್ಲಿ ಅಲ್ಲಿನ ಔಷಧ ನಿಯಂತ್ರಕರು ಕಪ್ಪು ಚೌಕದ, ಅಂದರೆ ಅತಿ ಗಂಭೀರ, ಎಚ್ಚರಿಕೆ ಹಾಕಿದರು. ಮುಂದಿನ ಮಾಹಿತಿ ನೋಡಿ 2018ರಲ್ಲಿ ತೆಗೆದರು. ಅಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು. ಭಾರತದಲ್ಲೂ ಇಂಥ ಜೆಲ್‌ಗಳು ಸಿಗುತ್ತವೆ. ಹೈದರಾಬಾದಿನ ಭಾರತ್ ಬಯೋಟೆಕ್ ಕಂಪನಿಯ ರೀಜೆನ್-ಡಿ ಇದೇ ಬಳಗದ್ದು. 2023ರ ಮಾರ್ಗಸೂಚಿ ಇವುಗಳನ್ನೂ ಶಿಫಾರಸು ಮಾಡುವುದಿಲ್ಲ.

ಇನ್ನೊಂದು ಪೆಕ್ಸಿಗನನ್. ಆಫ್ರಿಕದ ಒಂದು ಕಪ್ಪೆಯ ಚರ್ಮದಲ್ಲಿ ಸಿಕ್ಕ ಕೀಟಾಣು ಕೊಲ್ಲುವ ಅಂಶದಿಂದ ಹುಟ್ಟಿದ ಕ್ರೀಮು. ನಂಜಾದ ಹುಣ್ಣಿಗೆ ಮಾತ್ರೆಯ ಬದಲು ಇದನ್ನೇ ಹಚ್ಚಬಹುದು ಎಂದು ಆಸೆ ಇತ್ತು. 2016ರಲ್ಲಿ ಎರಡು ದೊಡ್ಡ ಪ್ರಯೋಗಗಳಲ್ಲಿ ಇದು ಖಾಲಿ ಕ್ರೀಮಿಗಿಂತ ಹೆಚ್ಚೇನೂ ಮಾಡಲಿಲ್ಲ. ನಂಜಿಗೆ ಹಚ್ಚುವ ಆ್ಯಂಟಿಬಯಾಟಿಕ್ ನೆಚ್ಚಿಕೊಳ್ಳಬೇಡಿ ಎಂದು ತಜ್ಞರು ಹೇಳುವುದರ ಹಿಂದೆ ಇಂಥ ಅನುಭವಗಳಿವೆ. ನಂಜಿದ್ದರೆ ಮಾತ್ರೆ ಅಥವಾ ಇಂಜೆಕ್ಷನ್ ಬೇಕು. ನಂಜಿಲ್ಲದಿದ್ದರೆ ಯಾವ ಆ್ಯಂಟಿಬಯಾಟಿಕ್ಕೂ ಬೇಡ.

ವೆಲ್ಲೂರಿನ ದಾರಿ

ಈ ಹುಣ್ಣಿನ ಅತಿ ಒಳ್ಳೆಯ ಮದ್ದುಗಳಲ್ಲಿ ಒಂದು ಬೆಳೆದಿದ್ದು ನಮ್ಮ ಪಕ್ಕದಲ್ಲೇ, ಸಕ್ಕರೆ ಕಾಯಿಲೆಗಲ್ಲ, ಕುಷ್ಠ ರೋಗಕ್ಕೆ. ಕುಷ್ಠದಲ್ಲೂ ಪಾದದ ಸ್ಪರ್ಶ ಹೋಗುತ್ತದೆ, ಅಂಗಾಲಿನಲ್ಲಿ ಇದೇ ತರಹದ ಹುಣ್ಣಾಗುತ್ತದೆ. ಅಂಥ ಕಾಲಿಗೆ ಪ್ಲಾಸ್ಟರ್ ಹಾಕಿ ಗುಣಪಡಿಸುವ ಕ್ರಮ 1930ರ ದಶಕದಲ್ಲೇ ಭಾರತದಲ್ಲಿ ಶುರುವಾಗಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿದ್ದ ಡಾ. ಪಾಲ್ ಬ್ರ್ಯಾಂಡ್ ಅದನ್ನು ಬೆಳೆಸಿದರು, 1960ರ ದಶಕದಲ್ಲಿ ಅಮೆರಿಕಕ್ಕೆ ಒಯ್ದರು. ಅಲ್ಲಿ ಅದು ಸಕ್ಕರೆ ಕಾಯಿಲೆಯವರ ಕಾಲಿಗೂ ಬಂತು.

ಪ್ಲಾಸ್ಟರ್ ಪಾದಕ್ಕೂ ಮೀನಖಂಡಕ್ಕೂ ಅಂಟಿದಂತೆ ಕೂರುತ್ತದೆ. ಹುಣ್ಣಿನ ಮೇಲೆ ಬೀಳುತ್ತಿದ್ದ ಭಾರ ಇಡೀ ಪಾದಕ್ಕೂ ಕಾಲಿಗೂ ಹಂಚಿಹೋಗುತ್ತದೆ. 2001ರ ಒಂದು ಅಮೆರಿಕನ್ ಪ್ರಯೋಗದಲ್ಲಿ 12 ವಾರಕ್ಕೆ ಪ್ಲಾಸ್ಟರ್ ಹಾಕಿದವರ ಪೈಕಿ ಶೇ 89.5 ಜನರ ಹುಣ್ಣು ಮುಚ್ಚಿತು. ಬೇಕೆಂದಾಗ ತೆಗೆದು ಮತ್ತೆ ಹಾಕಿಕೊಳ್ಳಬಹುದಾದ ಬೂಟು ಕೊಟ್ಟವರಲ್ಲಿ ಇದು ಶೇ 65. ಪ್ರಯೋಗ ಚಿಕ್ಕದು, 63 ಜನ. ಆರಿಸಿಕೊಂಡ ಹುಣ್ಣುಗಳೂ ಬೇರೆ ತರಹದವು. ಆದ್ದರಿಂದ ಕ್ರೀಮಿನ ಶೇ 60ರ ಪಕ್ಕದಲ್ಲಿ ಇದನ್ನಿಟ್ಟು ನೇರ ಹೋಲಿಸುವುದು ಸರಿಯಲ್ಲ. ಆದರೂ ಭಾರ ಇಳಿಸಿದರೆ ಎಷ್ಟು ಬದಲಾಗುತ್ತದೆ ಎಂಬುದು ಗೊತ್ತಾಗುತ್ತದೆ.

ಬೂಟಿಗಿಂತ ಪ್ಲಾಸ್ಟರ್ ಯಾಕೆ ಮೇಲು? 2003ರ ಇನ್ನೊಂದು ಅಧ್ಯಯನ ಕಾರಣ ತೋರಿಸಿತು. ರೋಗಿಗಳು ದಿನದಲ್ಲಿ ಇಡುವ ಹೆಜ್ಜೆಗಳಲ್ಲಿ ಬರೀ ಶೇ 28ರಷ್ಟನ್ನು ಆ ಬೂಟು ಹಾಕಿಕೊಂಡು ಇಡುತ್ತಿದ್ದರು. ಮನೆಯೊಳಗೆ ತೆಗೆದಿಡುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರುವ ನಮ್ಮ ಮನೆಗಳಲ್ಲಿ ಇದು ಇನ್ನೂ ಕಷ್ಟ. ದೇವರ ಕೋಣೆ, ಅಡುಗೆ ಮನೆ, ದೇವಸ್ಥಾನ ಎಲ್ಲ ಕಡೆ ಬರಿಗಾಲು. ಹಾಗಾಗಿ ಮನೆಯೊಳಗೆ ಮಾತ್ರ ಬಳಸುವ ಇನ್ನೊಂದು ಜೊತೆ ಎಂಸಿಆರ್ (ಮೆತ್ತನೆಯ ರಬ್ಬರಿನ) ಚಪ್ಪಲಿ ಇಟ್ಟುಕೊಳ್ಳಿ ಎಂಬ ಸಲಹೆಗೆ ನಮ್ಮಲ್ಲಿ ಬೆಲೆ ಜಾಸ್ತಿ. ಪ್ಲಾಸ್ಟರ್ ಎಲ್ಲರಿಗೂ ಆಗುವುದಿಲ್ಲ ಎಂಬುದೂ ನಿಜ. ರಕ್ತ ಸಂಚಾರ ತೀರಾ ಕಡಿಮೆ ಇದ್ದರೆ, ಒಳಗೆ ಜೋರು ನಂಜಿದ್ದರೆ ಹಾಕಬಾರದು. ಹಾಕಲು ಕೈ ಪಳಗಿರಬೇಕು. ಸರಿಯಾಗಿ ಕೂರದ ಪ್ಲಾಸ್ಟರೇ ಹೊಸ ಹುಣ್ಣು ಮಾಡುತ್ತದೆ.

ಹಚ್ಚಬೇಕಾದ ಸಮಯ ಹುಣ್ಣಿಗೆ ಮೊದಲು

ಹಾಗಾದರೆ ಚರ್ಮಕ್ಕೆ ಹಚ್ಚುವುದರಿಂದ ಉಪಯೋಗವೇ ಇಲ್ಲವಾ? ಇದೆ, ಚರ್ಮ ಒಡೆಯುವ ಮೊದಲು. ಒಣಗಿದ ಪಾದಕ್ಕೆ ದಿನಾ ತೇವ ಹಿಡಿಯುವ ಕ್ರೀಮು ಹಚ್ಚಿ ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಯೂರಿಯಾ ಇರುವ ಕ್ರೀಮು ಗಟ್ಟಿ ಹಿಮ್ಮಡಿಯನ್ನು ಮೆತ್ತಗೆ ಮಾಡುತ್ತದೆ. ಅದು ಸಿಗದಿದ್ದರೆ ಸಾದಾ ಪೆಟ್ರೋಲಿಯಂ ಜೆಲ್ಲಿ, ಕೊಬ್ಬರಿ ಎಣ್ಣೆ ಕೂಡ ತೇವ ಆರದಂತೆ ಹಿಡಿಯುತ್ತವೆ. ಸ್ನಾನ ಮಾಡಿ ಒರೆಸಿದ ತಕ್ಷಣ ಹಚ್ಚಿದರೆ ಒಳ್ಳೆಯದು. ಬೆರಳ ಸಂದಿಗೆ ಮಾತ್ರ ಬೇಡ. ಅಲ್ಲಿ ತೇವ ನಿಂತರೆ ಚರ್ಮ ಬೆಳ್ಳಗೆ ನೆನೆದು ಫಂಗಸ್ ಬರುತ್ತದೆ. ಎಣ್ಣೆ ಹಚ್ಚಿದ ಕಾಲಲ್ಲಿ ಜಾರದಂತೆಯೂ ನೋಡಿಕೊಳ್ಳಬೇಕು. ಹಚ್ಚುವ ನೆಪದಲ್ಲಿ ದಿನಾ ಒಮ್ಮೆ ಪಾದವನ್ನು ಕಣ್ಣಾರೆ ನೋಡಿದಂತಾಗುತ್ತದೆ. ಕ್ರೀಮಿನ ಅರ್ಧ ಲಾಭ ಅದರಲ್ಲೇ ಇದೆ ಎಂದು ನನ್ನ ಅನಿಸಿಕೆ.

ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುವ ಎರಡು ವಸ್ತುಗಳು ಈ ಪಾದಕ್ಕೆ ಅಪಾಯ. ಮೊದಲನೆಯದು ಆಣಿಗೆ ಅಂಟಿಸುವ ಪಟ್ಟಿ. ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಆಣಿಯ ಜೊತೆ ಒಳ್ಳೆಯ ಚರ್ಮವನ್ನೂ ಸುಡುತ್ತದೆ, ಸುಟ್ಟಿದ್ದು ತಿಳಿಯುವುದಿಲ್ಲ. ಬ್ಲೇಡಿನಿಂದ ಮನೆಯಲ್ಲೇ ಕೆರೆಯುವುದೂ ಅಷ್ಟೇ ಅಪಾಯ. ಆಣಿಯನ್ನು ತಿಳಿದವರ ಕೈಯಿಂದ ತೆಗೆಸಿದರೆ ಆ ಜಾಗದ ಒತ್ತಡ ಸುಮಾರು ಕಾಲು ಭಾಗ ಇಳಿಯುತ್ತದೆ ಎಂದು ಅಳೆದು ನೋಡಿದ್ದಾರೆ. ಎರಡನೆಯದು ಸ್ಟೀರಾಯ್ಡ್ ಬೆರೆಸಿದ ತುರಿಕೆ ಮುಲಾಮು. ಬೆರಳ ಸಂದಿಯ ಫಂಗಸ್‌ಗೆ ಹಚ್ಚಿದರೆ ತುರಿಕೆ ಎರಡೇ ದಿನಕ್ಕೆ ನಿಲ್ಲುತ್ತದೆ, ಒಳಗೆ ಫಂಗಸ್ ಹರಡುತ್ತದೆ, ಚರ್ಮ ತೆಳುವಾಗುತ್ತದೆ. ಕೇಂದ್ರ ಸರ್ಕಾರ 2018ರಲ್ಲೇ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಬೇಕಾದವುಗಳ ಸಾಲಿಗೆ ಸೇರಿಸಿತು. ಆದರೂ ಚೀಟಿ ಕೇಳದೆ ಕೊಡುವ ಅಂಗಡಿಗಳು ಈಗಲೂ ಇವೆ.

ಮುಂದೇನಾಗಬಹುದು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜೊತೆ ಸೇರಿ ನಡೆದ, 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ. ಈ ಕಾಯಿಲೆ ಇರುವವರಲ್ಲಿ ಶೇ 19ರಿಂದ 34ರಷ್ಟು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಕಾಲು ಹುಣ್ಣಾಗುತ್ತದೆ ಎಂಬುದು ಜಾಗತಿಕ ಅಂದಾಜು. ಮಾಗಿದ ಹುಣ್ಣು ಒಂದು ವರ್ಷದೊಳಗೆ ಮತ್ತೆ ಬರುವುದು ಸುಮಾರು ಶೇ 40 ಜನರಿಗೆ. ಇಷ್ಟು ದೊಡ್ಡ ಮಾರುಕಟ್ಟೆ ಇದ್ದಾಗ ಹೊಸ ಕ್ರೀಮು, ಹೊಸ ಪಟ್ಟಿ ಬರುತ್ತಲೇ ಇರುತ್ತವೆ.

ಹಣ ಪುರಾವೆಗಿಂತ ಮುಂದೆ ಓಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ಉದಾಹರಣೆ. ಗಾಯದ ಮೇಲೆ ಹೊದಿಸುವ ಕೃತಕ ಚರ್ಮದಂಥ ಹೊದಿಕೆಗಳಿಗೆ ಅಲ್ಲಿನ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ) ಮಾಡಿದ ಖರ್ಚು 2019ರಲ್ಲಿ ಸುಮಾರು 25 ಕೋಟಿ ಡಾಲರ್ ಇತ್ತು. 2024ರಲ್ಲಿ ಅದು 1,000 ಕೋಟಿ ಡಾಲರ್ ದಾಟಿತು. ಗಾಯಗಳು ಅಷ್ಟು ಪಟ್ಟು ಹೆಚ್ಚಿರಲಿಲ್ಲ, ಪ್ರತಿ ಹೊದಿಕೆಗೂ ಕೇಳಿದಷ್ಟು ಬೆಲೆ ಸಿಗುತ್ತಿತ್ತು. ಕೊನೆಗೆ 2026ರಿಂದ ಎಲ್ಲಕ್ಕೂ ಒಂದೇ ದರ ಎಂದು ಸರ್ಕಾರ ತೀರ್ಮಾನಿಸಬೇಕಾಯಿತು. ನಮ್ಮಲ್ಲಿ ಆ ಬಿಲ್ಲು ಸರ್ಕಾರಕ್ಕಿಂತ ಹೆಚ್ಚಾಗಿ ಮನೆಯವರ ತಲೆಗೇ ಬರುತ್ತದೆ.

‘ದೊಡ್ಡಪತ್ರೆ ಕ್ರೀಮು’ ಎಂಬ ಹೆಸರನ್ನೇ ಹಿಡಿದು ಇಲ್ಲಿ ಪರೀಕ್ಷೆಯಾಗದ ಮುಲಾಮುಗಳು ಬರುವ ಸಾಧ್ಯತೆಯೂ ಇದೆ. ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ತಡೆದಿದೆ. ಆದರೆ ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳಿಗೆ ಆ ಕಾಯ್ದೆಯ ಬಿಸಿ ತಟ್ಟುವುದು ಅಪರೂಪ. ಅಂಥ ಮುಲಾಮು ತೋರಿಸಿದರೆ ಕೇಳಬೇಕಾದ್ದು ಸರಳ: ಎಷ್ಟು ಜನರ ಮೇಲೆ ಪರೀಕ್ಷೆ ಮಾಡಿದ್ದೀರಿ, ಯಾವುದರ ಜೊತೆ ಹೋಲಿಸಿದ್ದೀರಿ, ಹಚ್ಚದವರಲ್ಲಿ ಎಷ್ಟು ಜನಕ್ಕೆ ವಾಸಿಯಾಯಿತು?

ತಜ್ಞರ ಮುಂದಿನ ಮಾರ್ಗಸೂಚಿ 2027ರಲ್ಲಿ ಬರಬೇಕು. ಓಎನ್101ರ ಫಲ ಬೇರೆ ಕಡೆ, ಕಂಪನಿಯ ಹಣವಿಲ್ಲದೆ ನಡೆದ ಪರೀಕ್ಷೆಯಲ್ಲೂ ನಿಂತರೆ ‘ಬೇಡ’ ಎಂಬುದು ‘ಬಳಸಬಹುದು’ ಆಗಬಹುದು. ಹಾಗಾದರೂ ಅದು ಶುಚಿ ಮಾಡಿದ, ಭಾರ ಇಳಿಸಿದ, ರಕ್ತ ಹರಿಯುವ ಹುಣ್ಣಿಗೆ ಮಾತ್ರ. ಈಗ ಹುಣ್ಣಿರುವವರು ವೈದ್ಯರ ಬಳಿ ಕೇಳಬೇಕಾದ ಮೊದಲ ಪ್ರಶ್ನೆ ‘ಏನು ಹಚ್ಚಲಿ’ ಎಂದಲ್ಲ. ಪಾದದ ನಾಡಿ ಸಿಗುತ್ತಿದೆಯಾ, ಮೂಳೆಗೆ ನಂಜು ಇಳಿದಿದೆಯಾ, ಈ ಕಾಲಿನ ಮೇಲಿನ ಭಾರ ಹೇಗೆ ಇಳಿಸುವುದು ಎಂದು ಕೇಳಬೇಕು. ಪಾದ ಊದಿ ಬಿಸಿಯಾಗಿದ್ದರೆ, ಕೀವು ಅಥವಾ ಕೆಟ್ಟ ವಾಸನೆ ಬರುತ್ತಿದ್ದರೆ, ಬೆರಳು ಕಪ್ಪಾಗುತ್ತಿದ್ದರೆ, ಜ್ವರ ಬಂದರೆ, ನೋವು ಇರಲಿ ಇಲ್ಲದಿರಲಿ, ಅದೇ ದಿನ ಆಸ್ಪತ್ರೆಗೆ ಹೋಗಬೇಕು.